ಸೀಹಾಕ್ಸ್ ಡಿಫೆನ್ಸಲ್ಲಿ ಯಾರ ಬೆಲೆ ಜಾಸ್ತಿ? ಅದನ್ನ ಅಳೆಯೋದು ಹೇಗೆ?

ಅಮೆರಿಕನ್ ಫುಟ್ಬಾಲ್ ಟೀಮಲ್ಲಿ ಎಲ್ಲರಿಗಿಂತ ಮುಖ್ಯವಾದೋನು ಯಾರು ಅಂತ ಕೇಳಿದ್ರೆ ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್ ಹೆಸರು ಹೇಳಿ ಮುಗಿಸ್ತಾರೆ, ಯಾಕಂದ್ರೆ ಹೆಚ್ಚುಕಮ್ಮಿ ಪ್ರತಿ ಸಲ ಚೆಂಡು ಅವನ ಕೈಗೇ ಬರತ್ತೆ, ಎಷ್ಟು ಎಸೆದ, ಎಷ್ಟು ಗಜ ಹೋಯ್ತು, ಎಷ್ಟು ಟಚ್‌ಡೌನ್ (ಚೆಂಡನ್ನ ಎದುರಾಳಿಯ ತುದಿಗೆರೆ ದಾಟಿಸೋದು) ಆಯ್ತು ಎಲ್ಲದಕ್ಕೂ ಲೆಕ್ಕ ಇದೆ. ಅದೇ ಪ್ರಶ್ನೆನ ಡಿಫೆನ್ಸ್ ಬಗ್ಗೆ ಕೇಳಿ ನೋಡಿ, ಒಂದೇ ಟೀಮಿನ ಫ್ಯಾನ್‌ಗಳೇ ನಾಲ್ಕು ಹೆಸರು ಹೇಳ್ತಾರೆ, ನಾಲ್ಕಕ್ಕೂ ಒಳ್ಳೊಳ್ಳೆ ಕಾರಣ ಇರತ್ತೆ. ಅಸೋಸಿಯೇಟೆಡ್ ಪ್ರೆಸ್ ಕೊಡೋ ಎಂವಿಪಿ, ಅಂದ್ರೆ ಇಡೀ ಎನ್‌ಎಫ್‌ಎಲ್ ಲೀಗಲ್ಲೇ ಅತಿ ಬೆಲೆಬಾಳೋ ಆಟಗಾರ ಅನ್ನೋ ಪ್ರಶಸ್ತಿ, ಡಿಫೆನ್ಸ್ ಆಡೋರಿಗೆ ಸಿಕ್ಕಿರೋದು ಎರಡೇ ಸಲ: 1971ರಲ್ಲಿ ಮಿನ್ನೆಸೋಟದ ಅಲನ್ ಪೇಜ್, 1986ರಲ್ಲಿ ನ್ಯೂಯಾರ್ಕ್ ಜೈಂಟ್ಸ್‌ನ ಲಾರೆನ್ಸ್ ಟೇಲರ್. ಮಧ್ಯದಲ್ಲಿ 1982ರಲ್ಲಿ ಒಬ್ಬ ಕಿಕ್ಕರ್‌ಗೂ ಕೊಟ್ಟಿದ್ದಾರೆ, ವಾಷಿಂಗ್ಟನ್ ಟೀಮಿನ ಮಾರ್ಕ್ ಮೋಸ್ಲಿಗೆ. ಡಿಫೆನ್ಸ್ ಆಡೋರ ಆಟ ಕಮ್ಮಿ ಅಂತ ಇದರ ಅರ್ಥ ಅಲ್ಲ, ಅವರು ಮಾಡೋ ಕೆಲಸದಲ್ಲಿ ಅರ್ಧಕ್ಕರ್ಧ ಸ್ಕೋರ್‌ಶೀಟಿಗೆ ಬರೋದೇ ಇಲ್ಲ.

ಹೆಂಗೆ ಆರಿಸ್ಬೇಕು ಅಂತ ಬರೀ ಥಿಯರಿ ಹೇಳಿದ್ರೆ ತಲೆಗೆ ಹತ್ತಲ್ಲ, ಅದಕ್ಕೆ ಒಂದು ನಿಜವಾದ ಟೀಮ್ ತಗೊಳ್ಳೋಣ, 2013ರ ಸಿಯಾಟಲ್ ಸೀಹಾಕ್ಸ್. ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್ ಕಡೆ ಇರೋ ಕನ್ನಡದೋರಿಗೆ ಈ ಹೆಸರುಗಳು ಹೊಸದೇನಲ್ಲ. ಆ ಸೀಸನ್ನಲ್ಲಿ ಸೀಹಾಕ್ಸ್ 16 ಮ್ಯಾಚಲ್ಲಿ ಬಿಟ್ಟುಕೊಟ್ಟಿದ್ದು ಬರೀ 231 ಪಾಯಿಂಟ್, ಲೀಗಲ್ಲೇ ಕಮ್ಮಿ. ಬಿಟ್ಟುಕೊಟ್ಟ ಗಜನೂ ಎಲ್ಲರಿಗಿಂತ ಕಮ್ಮಿ. ಎದುರಾಳಿಯಿಂದ ಚೆಂಡು ಕಿತ್ಕೊಂಡಿದ್ದು 39 ಸಲ, ಅದು ಎಲ್ಲರಿಗಿಂತ ಜಾಸ್ತಿ. ಈ ಮೂರರಲ್ಲೂ ಒಟ್ಟಿಗೆ ಮೊದಲನೇ ಸ್ಥಾನ ಬಂದಿದ್ದು 1985ರ ಶಿಕಾಗೋ ಬೇರ್ಸ್ ಆದ್ಮೇಲೆ ಇವರಿಗೇ. ಕೊನೆಗೆ 2014ರ ಫೆಬ್ರವರಿ 2ರಂದು ಲೀಗಿನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಡೆನ್ವರ್ ಬ್ರಾಂಕೋಸ್ ಎದುರಿಗೆ ಬಂತು, ಆ ಸೀಸನ್ ಅವರ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ 55 ಟಚ್‌ಡೌನ್ ಎಸೆದು, ಟೀಮ್ 606 ಪಾಯಿಂಟ್ ಹೊಡೆದು ಎರಡೂ ರೆಕಾರ್ಡ್ ಮಾಡಿತ್ತು, ಅಂಥಾ ಟೀಮಿಗೆ ಸಿಕ್ಕಿದ್ದು 8. ಸ್ಕೋರ್ 43-8.

ಸರಿ, ಇಂಥಾ ಡಿಫೆನ್ಸಲ್ಲಿ ಒಬ್ಬನ್ನ ಆರಿಸಿ ಅಂದ್ರೆ ಯಾರು?

ಆಟ ಅಷ್ಟು ಗೊತ್ತಿಲ್ಲದೋರಿಗೆ ಎರಡು ಮಾತು. ಡಿಫೆನ್ಸಲ್ಲಿ 11 ಜನ ನಿಲ್ತಾರೆ. ಮುಂದಿನ ಸಾಲಿನೋರ ಕೆಲಸ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗೋದು, ಚೆಂಡು ಹಿಡ್ಕೊಂಡು ಓಡೋನಿಗೆ ದಾರಿ ಮುಚ್ಚೋದು. ಅವನು ಎಸೆಯೋಕೆ ಮುಂಚೆನೇ ಅವನನ್ನ ಕೆಡವಿದ್ರೆ ಅದು ಸ್ಯಾಕ್. ಅವರ ಹಿಂದೆ ಲೈನ್‌ಬ್ಯಾಕರ್‌ಗಳು. ಎರಡೂ ಅಂಚಲ್ಲಿ ಕಾರ್ನರ್‌ಬ್ಯಾಕ್‌ಗಳು, ಚೆಂಡು ಹಿಡಿಯೋಕೆ ಓಡೋ ರಿಸೀವರ್‌ಗಳ ಬೆನ್ನು ಬಿಡದೋರು. ಎಲ್ಲರಿಗಿಂತ ಹಿಂದೆ ಸೇಫ್ಟಿಗಳು. ಎಸೆದ ಚೆಂಡನ್ನ ಡಿಫೆನ್ಸಿನೋನು ಹಿಡಿದ್ರೆ ಇಂಟರ್‌ಸೆಪ್ಷನ್. ಇಷ್ಟು ಸಾಕು.

ಸ್ಟಾಟ್ಸ್ ಇಟ್ಕೊಂಡು ಹೋದ್ರೆ ರಿಚರ್ಡ್ ಶರ್ಮನ್ ಹೆಸರು ಮೊದಲು ಬರತ್ತೆ, ಎಡಗಡೆ ಕಾರ್ನರ್, 2013ರಲ್ಲಿ 8 ಇಂಟರ್‌ಸೆಪ್ಷನ್, ಲೀಗಲ್ಲೇ ಜಾಸ್ತಿ. ಟ್ಯಾಕಲ್, ಅಂದ್ರೆ ಚೆಂಡು ಹಿಡಿದೋನನ್ನ ಎಷ್ಟು ಸಲ ಕೆಡವಿದ ಅನ್ನೋದು, ನೋಡೋರು ನಡುವೆ ನಿಲ್ಲೋ ಲೈನ್‌ಬ್ಯಾಕರ್ ಬಾಬಿ ವ್ಯಾಗ್ನರ್ ಅಂತಾರೆ. ಸ್ಯಾಕ್ ನೋಡೋರು ಮೈಕಲ್ ಬೆನೆಟ್, ಕ್ಲಿಫ್ ಏವ್ರಿಲ್ ಅಂತಾರೆ. ಸೂಪರ್ ಬೌಲ್ ಎಂವಿಪಿ ಆಗಿದ್ದು ಇವರ್ಯಾರೂ ಅಲ್ಲ, ಮಾಲ್ಕಮ್ ಸ್ಮಿತ್ ಅನ್ನೋ ಲೈನ್‌ಬ್ಯಾಕರ್, 2011ರ ಡ್ರಾಫ್ಟಲ್ಲಿ (ಟೀಮ್‌ಗಳು ಸರದಿ ಮೇಲೆ ಹೊಸ ಆಟಗಾರರನ್ನ ಆರಿಸೋದು) ಏಳನೇ ಅಂದ್ರೆ ಕಡೇ ರೌಂಡಲ್ಲಿ ತಗೊಂಡ ಹುಡುಗ.

ಸ್ಮಿತ್ ವಿಷಯನ ಸ್ವಲ್ಪ ಬಿಡಿಸಿ ನೋಡ್ಬೇಕು, ಇಡೀ ತೊಂದರೆ ಅದರಲ್ಲೇ ಇದೆ. ಸೂಪರ್ ಬೌಲಿಗೆ ಹೋಗೋ ಮುಂಚಿನ ಮ್ಯಾಚ್, ಸ್ಯಾನ್ ಫ್ರಾನ್ಸಿಸ್ಕೋ 49ಅರ್ಸ್ ಮೇಲೆ, 23-17ರಲ್ಲಿ ಸೀಹಾಕ್ಸ್ ಮುಂದೆ, ಕೊನೇ ಕ್ಷಣಗಳು, ಎಂಡ್ ಝೋನಿಗೆ (ತುದಿಗೆರೆ ಆಚೆಯ ಜಾಗ) ಮೈಕಲ್ ಕ್ರ್ಯಾಬ್‌ಟ್ರೀಗೆ ಎಸೆದ ಚೆಂಡನ್ನ ಶರ್ಮನ್ ಹಾರಿ ಬೆರಳಲ್ಲಿ ತಟ್ಟಿದ, ಅದು ಬಂದು ಬಿದ್ದಿದ್ದು ಸ್ಮಿತ್ ಕೈಗೆ. ಇಂಟರ್‌ಸೆಪ್ಷನ್ ಸ್ಮಿತ್ ಲೆಕ್ಕಕ್ಕೆ. ಆಮೇಲೆ ಸೂಪರ್ ಬೌಲಲ್ಲಿ ಮ್ಯಾನಿಂಗ್ ಎಸೆಯೋವಾಗ ಏವ್ರಿಲ್ ನುಗ್ಗಿ ಅವನ ಕೈಗೆ ಹೊಡೆದ, ಚೆಂಡು ಗಾಳಿಲಿ ತೇಲಿ ಬಂತು, ಸ್ಮಿತ್ ಹಿಡಿದು 69 ಗಜ ಓಡಿ ಟಚ್‌ಡೌನ್ ಮಾಡಿದ. ಅದೇ ಮ್ಯಾಚಲ್ಲಿ ಡೆನ್ವರ್ ರಿಸೀವರ್ ಡಿಮೇರಿಯಸ್ ಥಾಮಸ್ ಕೈಯಿಂದ ಚೆಂಡು ಗುದ್ದಿ ಬೀಳಿಸಿದ್ದು ಸೀಹಾಕ್ಸ್ ಕಾರ್ನರ್ ಬೈರನ್ ಮ್ಯಾಕ್ಸ್‌ವೆಲ್, ಎತ್ಕೊಂಡಿದ್ದು ಮತ್ತೆ ಸ್ಮಿತ್. ಅವನು ಸರಿಯಾದ ಜಾಗದಲ್ಲಿ ಇದ್ದ, ಅದೂ ಒಂದು ವಿದ್ಯೆನೇ, ಅದನ್ನ ನಾನು ಸಣ್ಣದು ಅನ್ನಲ್ಲ. ಆದ್ರೆ ಮೂರು ದೊಡ್ಡ ಪ್ಲೇ ಮೂರರಲ್ಲೂ ಮೊದಲು ಕೈ ಹಾಕಿದೋನು ಬೇರೆ. ನಮ್ಮ ಕಬಡ್ಡಿಲಿ ರೇಡರ್ ಕಾಲು ಹಿಡಿದ ಕಾರ್ನರ್ ಹೆಸರಿಗೆ ಟ್ಯಾಕಲ್ ಪಾಯಿಂಟ್ ಹೋಗತ್ತೆ, ಆ ರೇಡರ್‌ನ ಆ ಮೂಲೆಗೇ ಬರೋ ಹಾಗೆ ಮಾಡಿದ ಕವರ್‌ನೋರು, ಚೈನ್ ಹಾಕಿ ತಡೆದೋರು ಲೆಕ್ಕದಲ್ಲಿ ಕಾಣಲ್ಲ ಅಲ್ವಾ, ಇಲ್ಲೂ ಅದೇ ಕಥೆ.

ಹಾಗಾಗಿ ಮೊದಲನೇ ವಿಷಯ, ಯಾರ ಕೈಗೆ ಚೆಂಡು ಬಂತು ಅನ್ನೋದು ಒಂದು ಪ್ರಶ್ನೆ, ಅದು ಬರೋ ಹಾಗೆ ಮಾಡಿದ್ದು ಯಾರು ಅನ್ನೋದು ಇನ್ನೊಂದು ಪ್ರಶ್ನೆ. ಟ್ಯಾಕಲ್ ಲೆಕ್ಕ ಇನ್ನೂ ಕಷ್ಟ. ಒಂದು ಟ್ಯಾಕಲ್ ಒಬ್ಬನದಾ ಇಬ್ಬರದಾ ಅಂತ ತೀರ್ಮಾನ ಮಾಡೋದು ಆಯಾ ಸ್ಟೇಡಿಯಂನ ಸ್ಟಾಟ್ಸ್ ಬರೆಯೋರು, ಒಬ್ಬೊಬ್ಬರ ಕಣ್ಣು ಒಂದೊಂದು ಥರ. ಅದೂ ಅಲ್ದೆ ಸೇಫ್ಟಿ ಒಬ್ಬ ತುಂಬಾ ಟ್ಯಾಕಲ್ ಮಾಡಿದ್ದಾನೆ ಅಂದ್ರೆ ಅವನು ಚೆನ್ನಾಗಿ ಆಡ್ತಿದ್ದಾನೆ ಅಂತಲೂ ಇರ್ಬಹುದು, ಅವನ ಮುಂದಿರೋರು ಎಲ್ಲರನ್ನೂ ಬಿಟ್ಟುಬಿಡ್ತಿದ್ದಾರೆ ಅಂತಲೂ ಇರ್ಬಹುದು.

ಎರಡನೇದು ಇದಕ್ಕಿಂತ ಕಷ್ಟ: ಏನೂ ಆಗದೇ ಇರೋದನ್ನ ಲೆಕ್ಕ ಹಾಕೋದು. 2014ರ ಸೆಪ್ಟೆಂಬರ್ 4, ಸೀಸನ್ನಿನ ಮೊದಲ ಮ್ಯಾಚ್, ಗ್ರೀನ್ ಬೇ ಪ್ಯಾಕರ್ಸ್‌ನ ಆರನ್ ರಾಜರ್ಸ್ 33 ಸಲ ಎಸೆದ, ಅದರಲ್ಲಿ ಒಂದೂ ಶರ್ಮನ್ ಕಡೆಗೆ ಎಸೀಲಿಲ್ಲ. ಲೀಗಿನ ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಒಬ್ಬ ಮೈದಾನದ ಒಂದು ಕಡೆನೇ ಕೈಬಿಟ್ಟು ಉಳಿದ ಜಾಗದಲ್ಲಿ ಆಡಿದ, ಸೀಹಾಕ್ಸ್ 36-16ರಲ್ಲಿ ಗೆದ್ರು. ಆ ದಿನ ಶರ್ಮನ್ ಹೆಸರಿಗೆ ಇಂಟರ್‌ಸೆಪ್ಷನ್ ಸೊನ್ನೆ. ಆ ಇಡೀ ಸೀಸನ್ 4, ಹಿಂದಿನ ವರ್ಷದ ಅರ್ಧ. ಅವನ ಆಟ ಅರ್ಧ ಆಯ್ತಾ? ಖಂಡಿತ ಇಲ್ಲ, ಅವನ ಕಡೆ ಎಸೆಯೋಕೆ ಜನ ಹೆದರ್ತಿದ್ರು. ಸ್ಟಾಟ್ಸ್ ಕಮ್ಮಿ ಆಗಿದ್ದು ಬೆಲೆ ಜಾಸ್ತಿ ಆಗಿದ್ದರಿಂದ, ಇದನ್ನ ಗೊತ್ತಿಲ್ಲದೆ ನಂಬರ್ ಮಾತ್ರ ಓದೋರು ಕಾರ್ನರ್‌ಬ್ಯಾಕ್‌ಗಳ ವಿಷಯದಲ್ಲಿ ಪದೇ ಪದೇ ಎಡವ್ತಾರೆ.

ಹಂಗಾದ್ರೆ ಶರ್ಮನ್ನೇ ಅಂತ ಮುಗಿಸ್ಬಹುದಲ್ಲ? ಇಲ್ಲಿ ಆ ಡಿಫೆನ್ಸ್ ಹೇಗೆ ನಿಲ್ತಿತ್ತು ಅನ್ನೋದು ಗೊತ್ತಾಗ್ಬೇಕು. ಕೋಚ್ ಪೀಟ್ ಕ್ಯಾರಲ್ ಆಡಿಸ್ತಿದ್ದಿದ್ದು ಹೆಚ್ಚಾಗಿ ಕವರ್ ತ್ರೀ, ಹಿಂದಿನ ಜಾಗನ ಅಗಲಕ್ಕೆ ಮೂರು ಪಾಲು ಮಾಡಿ ಎಡ ಪಾಲು ಒಬ್ಬ ಕಾರ್ನರ್‌ಗೆ, ಬಲ ಪಾಲು ಇನ್ನೊಬ್ಬ ಕಾರ್ನರ್‌ಗೆ, ನಡುವಿನ ಪಾಲು ಒಬ್ಬನೇ ಒಬ್ಬ ಸೇಫ್ಟಿಗೆ. ಮೈದಾನದ ಅಗಲ ಸುಮಾರು 49 ಮೀಟರ್. ನಡುವಿನ ಪಾಲು ಹೆಸರಿಗೆ ಮೂರನೇ ಒಂದು, ನಿಜವಾಗಿ ನೋಡಿದ್ರೆ ಎರಡೂ ಕಡೆ ಕಾರ್ನರ್ ತಪ್ಪಿದ್ರೆ ಓಡಿ ಹೋಗಿ ಮುಚ್ಚೋನೂ ಅವನೇ, ಎದುರಾಳಿ ಇಬ್ಬರು ರಿಸೀವರ್‌ನ ಒಟ್ಟಿಗೆ ನೇರ ಓಡಿಸಿದ್ರೆ ಇಬ್ಬರ ಮಧ್ಯ ನಿಂತು ಚೆಂಡು ಯಾರ ಕಡೆ ಅಂತ ಕ್ವಾರ್ಟರ್‌ಬ್ಯಾಕ್ ಕಣ್ಣು, ಭುಜ ನೋಡಿ ಓದ್ಬೇಕಾದೋನೂ ಅವನೇ. ಸಿಯಾಟಲ್‌ನಲ್ಲಿ ಆ ಜಾಗ ಅರ್ಲ್ ಥಾಮಸ್‌ದು, 5 ಅಡಿ 10 ಇಂಚಿನ ಆಳು, 2010ರ ಡ್ರಾಫ್ಟಲ್ಲಿ 14ನೇಯವನಾಗಿ ಬಂದೋನು.

ಬೇರೆ ಎಷ್ಟೋ ಟೀಮ್ ಆ ಕೆಲಸಕ್ಕೆ ಇಬ್ಬರು ಸೇಫ್ಟಿಗಳನ್ನ ಹಿಂದೆ ಇಡ್ತಾರೆ. ಸಿಯಾಟಲ್ ಒಬ್ಬನ್ನೇ ಇಟ್ಟು, ಇನ್ನೊಬ್ಬ ಸೇಫ್ಟಿ ಕ್ಯಾಮ್ ಚಾನ್ಸ್‌ಲರ್‌ನ ಮುಂದಕ್ಕೆ ತಂದು ನಿಲ್ಲಿಸ್ತು. 6 ಅಡಿ 3 ಇಂಚು, ಲೈನ್‌ಬ್ಯಾಕರ್ ಮೈಕಟ್ಟು, ಮಧ್ಯದಲ್ಲಿ ಚೆಂಡು ಹಿಡಿಯೋಕೆ ಬಂದೋರು ಅವನನ್ನ ನೋಡಿ ಹೆಜ್ಜೆ ಹಿಂದೆ ಇಡ್ತಿದ್ರು. ಅವನು ಮುಂದೆ ಇದ್ದಿದ್ದಕ್ಕೆ ಓಡೋ ಆಟ ನಿಂತ್ಹೋಯ್ತು, ವ್ಯಾಗ್ನರ್‌ಗೆ ತುಂಬಾ ಹಿಂದೆ ಹೋಗೋ ಅಗತ್ಯ ಬೀಳಲಿಲ್ಲ, ಶರ್ಮನ್ ಒಳಗಡೆಗೆ ಥಾಮಸ್ ಇದ್ದಾನೆ ಅನ್ನೋ ಧೈರ್ಯದಲ್ಲಿ ರಿಸೀವರ್‌ನ ಗೆರೆ ಕಡೆಗೆ ಒತ್ತಿ ಒತ್ತಿ ಆಡ್ತಿದ್ದ. ಅಂದ್ರೆ ಚಾನ್ಸ್‌ಲರ್ ಟ್ಯಾಕಲ್‌ಗಳಲ್ಲಿ, ಶರ್ಮನ್ ಇಂಟರ್‌ಸೆಪ್ಷನ್‌ಗಳಲ್ಲಿ ಒಂದು ಪಾಲು ಹಿಂದೆ ಒಬ್ಬಂಟಿಯಾಗಿ ನಿಂತೋನಿಗೆ ಸೇರಿದ್ದು. ಟಿವಿಲಿ ಮ್ಯಾಚ್ ನೋಡಿದ್ರೆ ಇದು ಗೊತ್ತೇ ಆಗಲ್ಲ ಯಾಕಂದ್ರೆ ಕ್ಯಾಮೆರಾ ಚೆಂಡಿನ ಜೊತೆ ಇರತ್ತೆ, ಆಟ ಶುರು ಆಗೋವಾಗ ಹಿಂದಿನ ಸೇಫ್ಟಿ ಎಷ್ಟೋ ಸಲ ಫ್ರೇಮಲ್ಲೇ ಇರಲ್ಲ. ಕೋಚ್‌ಗಳು ನೋಡೋದು 22 ಜನನೂ ಕಾಣೋ ಮೇಲಿನ ಕ್ಯಾಮೆರಾದ ವಿಡಿಯೋ, ಅದನ್ನ ಎನ್‌ಎಫ್‌ಎಲ್ 2012ರಿಂದ ದುಡ್ಡು ಕೊಟ್ಟ ಪ್ರೇಕ್ಷಕರಿಗೂ ಬಿಟ್ಟಿದೆ, ಡಿಫೆನ್ಸ್ ಬಗ್ಗೆ ನಿಜವಾಗ್ಲೂ ಆಸಕ್ತಿ ಇರೋರು ಅದನ್ನೇ ನೋಡ್ಬೇಕು.

ಮಾತಲ್ಲಿ ಹೀಗೆ ಹೇಳೋದು ಸುಲಭ, ಸಾಕ್ಷಿ ಬೇಕಲ್ಲ. ಅತಿ ಬೆಲೆ ಯಾರದು ಅನ್ನೋದಕ್ಕೆ ನೇರವಾದ ಪರೀಕ್ಷೆ ಅಂದ್ರೆ ಅವನನ್ನ ತೆಗೆದು ನೋಡೋದು. ಅದನ್ನ ಬೇಕಂತ ಯಾರೂ ಮಾಡಲ್ಲ, ಆದ್ರೆ ಸೀಹಾಕ್ಸ್‌ಗೆ ಮೂರು ಸೀಸನ್ ಸಾಲಾಗಿ ಒಂದೊಂದು ಸಲ ಒಬ್ಬೊಬ್ಬರು ಇಲ್ಲದಂಗಾಯ್ತು.

2014ರಲ್ಲಿ ವ್ಯಾಗ್ನರ್. ಕಾಲ್ಬೆರಳ ಗಾಯದಿಂದ ಐದು ಮ್ಯಾಚ್ ಕೂತ, ಆ ಐದರಲ್ಲಿ ಟೀಮ್ ಬಿಟ್ಟುಕೊಟ್ಟಿದ್ದು 28, 9, 24, 17, 24, ಸರಾಸರಿ 20ರ ಮೇಲೆ. ಅವನು ವಾಪಸ್ ಬಂದ್ಮೇಲೆ ಉಳಿದ ಆರು ಮ್ಯಾಚಲ್ಲಿ 3, 3, 14, 7, 6, 6. ಆರೂ ಸೇರಿ 39! ಆರೂ ಗೆಲುವು. ಈ ನಂಬರ್ ಎಷ್ಟು ಜೋರಾಗಿತ್ತು ಅಂದ್ರೆ ಆ ವರ್ಷದ ಲೀಗ್ ಎಂವಿಪಿ ವೋಟಿಂಗಲ್ಲಿ ಹಳೇ ಕೋಚ್ ಟೋನಿ ಡಂಜಿ ತಮ್ಮ ವೋಟನ್ನ ವ್ಯಾಗ್ನರ್‌ಗೇ ಹಾಕಿದ್ರು. ಆದ್ರೂ ಸ್ವಲ್ಪ ಒಳಗೆ ಇಳಿದು ನೋಡಿ. ಆ 28ರಲ್ಲಿ ಒಂದು ಟಚ್‌ಡೌನ್ ರ‍್ಯಾಮ್ಸ್ ಟೀಮ್ ಪಂಟ್ ರಿಟರ್ನಲ್ಲಿ (ಎದುರಾಳಿ ಒದ್ದು ಕಳಿಸಿದ ಚೆಂಡನ್ನ ಹಿಡಿದು ವಾಪಸ್ ಓಡೋದು) ಕಣ್ಣಿಗೆ ಮಣ್ಣೆರಚಿ 90 ಗಜ ಓಡಿಸಿದ್ದು, ಅದಕ್ಕೂ ವ್ಯಾಗ್ನರ್ ಜಾಗಕ್ಕೂ ಸಂಬಂಧ ಇಲ್ಲ. ಆ ಕೊನೇ ಆರು ಮ್ಯಾಚಲ್ಲಿ ಎದುರಿಗೆ ಬಂದ ಕ್ವಾರ್ಟರ್‌ಬ್ಯಾಕ್‌ಗಳು ಡ್ರೂ ಸ್ಟ್ಯಾಂಟನ್, ಮಾರ್ಕ್ ಸ್ಯಾಂಚೆಝ್, ರಯನ್ ಲಿಂಡ್ಲಿ, ಶಾನ್ ಹಿಲ್, ಎರಡು ಸಲ ಕಾಲಿನ್ ಕ್ಯಾಪರ್ನಿಕ್. ಕ್ಯಾಪರ್ನಿಕ್ ಬಿಟ್ರೆ ಉಳಿದೋರೆಲ್ಲ ಬೇರೆಯವರ ಗಾಯದಿಂದಲೋ ಏನೋ ಜಾಗ ಸಿಕ್ಕಿ ಆಡ್ತಿದ್ದೋರು. ವ್ಯಾಗ್ನರ್ ದೊಡ್ಡ ಆಟಗಾರ, ಆದ್ರೆ 20ರಿಂದ ಆರೂವರೆಗೆ ಇಳಿದಿದ್ದು ಪೂರ್ತಿ ಅವನಿಂದಲೇ ಅನ್ನೋಕಾಗಲ್ಲ.

2015ರಲ್ಲಿ ಚಾನ್ಸ್‌ಲರ್. ಕಾಂಟ್ರಾಕ್ಟ್ ವಿಷಯಕ್ಕೆ ಮೊದಲೆರಡು ಮ್ಯಾಚ್ ಆಡಲಿಲ್ಲ, ಎರಡೂ ಸೋತ್ರು, 34-31, 27-17. ವಾಪಸ್ ಬಂದ ತಕ್ಷಣ ಶಿಕಾಗೋ ಮೇಲೆ 26-0. ಮುಂದಿನ ಮ್ಯಾಚಲ್ಲಿ ಡೆಟ್ರಾಯಿಟ್‌ನ ಕ್ಯಾಲ್ವಿನ್ ಜಾನ್ಸನ್ ಗೆಲ್ಲಿಸೋ ಟಚ್‌ಡೌನಿಗೆ ಗೆರೆ ದಾಟೋ ಹೊತ್ತಲ್ಲಿ ಚಾನ್ಸ್‌ಲರ್ ಅವನ ಕೈಯಿಂದ ಚೆಂಡನ್ನ ಗುದ್ದಿ ಬೀಳಿಸಿದ, 13-10ಕ್ಕೆ ಮ್ಯಾಚ್ ಉಳೀತು. ಇದನ್ನ ನೆನೆಸ್ಕೊಂಡ್ರೆ ಈಗಲೂ ಮೈ ಜುಂ ಅನ್ನತ್ತೆ. ಲೆಕ್ಕದ ದೃಷ್ಟಿಯಿಂದ ಮಾತ್ರ, ಶಿಕಾಗೋಗೆ ಅವತ್ತು ಆಡಿದ್ದು ಜಿಮ್ಮಿ ಕ್ಲಾಸನ್, ರೆಗ್ಯುಲರ್ ಕ್ವಾರ್ಟರ್‌ಬ್ಯಾಕ್ ಗಾಯದಲ್ಲಿದ್ದ. ಸೋತ ಎರಡರಲ್ಲಿ ಒಂದು ಓವರ್‌ಟೈಮ್, ಇನ್ನೊಂದು ರಾಜರ್ಸ್ ಊರಲ್ಲಿ.

2016ರಲ್ಲಿ ಥಾಮಸ್. ಡಿಸೆಂಬರ್ 4ರಂದು ಕ್ಯಾರೊಲಿನಾ ಮೇಲೆ ಆಡೋವಾಗ ಚೆಂಡಿಗೆ ಹಾರಿ ತನ್ನ ಟೀಮಿನ ಚಾನ್ಸ್‌ಲರ್‌ಗೇ ಡಿಕ್ಕಿ ಹೊಡೆದು ಕಾಲು ಮುರ್ಕೊಂಡ, ಸೀಸನ್ ಮುಗೀತು. ಅವನ ಜಾಗಕ್ಕೆ ಸ್ಟೀವನ್ ಟೆರೆಲ್ ಬಂದ. ಮುಂದಿನ ವಾರ ಗ್ರೀನ್ ಬೇಲಿ 38-10ರ ಸೋಲು, ಶುರುವಲ್ಲೇ ರಾಜರ್ಸ್ ಡೇವಾಂಟೆ ಆಡಮ್ಸ್‌ಗೆ 66 ಗಜದ ಟಚ್‌ಡೌನ್ ಎಸೆದ. ಡಿಸೆಂಬರ್ 24ಕ್ಕೆ ಅರಿಝೋನ ಮೇಲೆ 34-31ರ ಸೋಲು, ಅದರಲ್ಲಿ ಜೆ.ಜೆ. ನೆಲ್ಸನ್ ಒಂದೇ ಏಟಿಗೆ 80 ಗಜ. ಪ್ಲೇಆಫಲ್ಲಿ ಅಟ್ಲಾಂಟ 36 ಹೊಡೆದು ಮನೆಗೆ ಕಳಿಸ್ತು. ಇಲ್ಲೂ ಎದುರು ಸಾಕ್ಷಿ ಇದೆ, ಮುಚ್ಚಿಡಲ್ಲ: ಅದೇ ವರ್ಷ ಗಾಯಕ್ಕೆ ಮುಂಚೆ ತೊಡೆ ಹಿಡ್ಕೊಂಡು ಥಾಮಸ್ ಟ್ಯಾಂಪಾ ಬೇ ಮ್ಯಾಚ್ ಆಡಿರ್ಲಿಲ್ಲ, ಅವತ್ತು ಡಿಫೆನ್ಸ್ ಬಿಟ್ಟಿದ್ದು 14 ಮಾತ್ರ. ಕಾಲು ಮುರಿದ ಮೇಲೂ ರ‍್ಯಾಮ್ಸ್‌ಗೆ 3, ಪ್ಲೇಆಫಲ್ಲಿ ಡೆಟ್ರಾಯಿಟ್‌ಗೆ 6 ಕೊಟ್ಟು ಗೆದ್ದಿದ್ದಾರೆ. ಅಟ್ಲಾಂಟದ ಮ್ಯಾಟ್ ರಯನ್ ಆ ವರ್ಷದ ಲೀಗ್ ಎಂವಿಪಿ, ಅವನು ಯಾರ ಮೇಲೂ ಹೊಡೀತಿದ್ದ.

ಹಂಗಾದ್ರೆ ಮೂರೂ ಪರೀಕ್ಷೆ ವ್ಯರ್ಥನಾ? ಇಲ್ಲ. ಒಟ್ಟು ಪಾಯಿಂಟ್ ನೋಡ್ಬೇಡಿ, ಎಂಥಾ ತೂತು ಬಿತ್ತು ಅಂತ ನೋಡಿ. ಪಾಯಿಂಟಲ್ಲಿ ಎದುರಾಳಿಯ ಗುಣ, ಸ್ಪೆಷಲ್ ಟೀಮ್ (ಚೆಂಡು ಒದೆಯೋ ಪ್ಲೇಗಳಿಗೆ ಇಳಿಯೋರು), ನಮ್ಮ ಕ್ವಾರ್ಟರ್‌ಬ್ಯಾಕ್ ಮಾಡಿದ ತಪ್ಪು ಎಲ್ಲಾ ಕಲಸಿ ಹೋಗಿರತ್ತೆ, ಆ ಗ್ರೀನ್ ಬೇ ಮ್ಯಾಚಲ್ಲಿ ರಸೆಲ್ ವಿಲ್ಸನ್ ಐದು ಇಂಟರ್‌ಸೆಪ್ಷನ್ ಕೊಟ್ಟಿದ್ದ, ಅದಕ್ಕೆ ಸೇಫ್ಟಿ ಏನು ಮಾಡ್ತಾನೆ. ಆದ್ರೆ 66 ಗಜ, 80 ಗಜ ಒಂದೇ ಎಸೆತಕ್ಕೆ ಹೋಗೋದು, ಹಿಂದೆ ತಡೆಯೋರೇ ಇಲ್ಲದೆ ಓಡೋದು, ಇದು ಸರಿಯಾಗಿ ಥಾಮಸ್ ಇರ್ಬೇಕಾದ ಜಾಗದ ತೂತು. ಥಾಮಸ್ ಇದ್ದಾಗ ಅದೇ ಎಸೆತ 25 ಗಜಕ್ಕೆ ನಿಂತಿರೋದು ಇಲ್ಲಾ ಎಸೆಯೋ ಧೈರ್ಯನೇ ಬರ್ತಿರಲಿಲ್ಲ. ಹೋದೋನು ಬಿಟ್ಟ ಜಾಗ, ಬಂದ ಪೆಟ್ಟು ಎರಡೂ ಹೊಂದಿದ್ರೆ ಆಗ ಆ ಸಾಕ್ಷಿಗೆ ತೂಕ ಇದೆ.

ಮೂರನೇ ವಿಷಯ ಬದಲಿ ಯಾರು ಅನ್ನೋದು. ಬೆಲೆ ಅಂದ್ರೆ ಇವನು ಎಷ್ಟು ಒಳ್ಳೆಯವನು ಅನ್ನೋದಷ್ಟೇ ಅಲ್ಲ, ಇವನಿಗೂ ಇವನ ಬದಲು ಬರೋನಿಗೂ ಅಂತರ ಎಷ್ಟು ಅನ್ನೋದು. 2013ರ ಮುಂದಿನ ಸಾಲಲ್ಲಿ ಬೆನೆಟ್, ಏವ್ರಿಲ್, ಕ್ರಿಸ್ ಕ್ಲೆಮನ್ಸ್, ರೆಡ್ ಬ್ರಯಂಟ್, ಬ್ರ್ಯಾಂಡನ್ ಮೀಬೇನ್, ಕ್ಲಿಂಟನ್ ಮ್ಯಾಕ್‌ಡೊನಾಲ್ಡ್, ಟೋನಿ ಮ್ಯಾಕ್‌ಡೇನಿಯಲ್ ಅಂತ ಏಳು ಜನ ಸರದಿ ಮೇಲೆ ಬಂದು ಹೋಗ್ತಿದ್ರು, ಒಬ್ಬ ಹೋದ್ರೆ ಇನ್ನೊಬ್ಬ ಹತ್ರತ್ರ ಅಷ್ಟೇ ಚೆನ್ನಾಗಿದ್ದ. ಬಲಗಡೆ ಕಾರ್ನರ್ ಬ್ರ್ಯಾಂಡನ್ ಬ್ರೌನರ್ ಸೀಸನ್ ಮಧ್ಯ ಇಲ್ಲದಂಗಾದಾಗ ಆರನೇ ರೌಂಡಿನ ಮ್ಯಾಕ್ಸ್‌ವೆಲ್ ಬಂದ, ಡಿಫೆನ್ಸ್ ಅಲುಗಾಡಲೇ ಇಲ್ಲ. ಅದೇ ಮ್ಯಾಕ್ಸ್‌ವೆಲ್‌ನ 2015ರಲ್ಲಿ ಫಿಲಡೆಲ್ಫಿಯಾ ಆರು ವರ್ಷಕ್ಕೆ 63 ಮಿಲಿಯನ್ ಡಾಲರ್ ಕಾಂಟ್ರಾಕ್ಟ್ ಕೊಟ್ಟು ತಗೊಂಡು, ಒಂದೇ ಸೀಸನ್ ಆದ್ಮೇಲೆ ಮಯಾಮಿಗೆ ದಾಟಿಸ್ತು. ಸಿಯಾಟಲ್‌ನಲ್ಲಿ ಅವನ ಪಕ್ಕ ಥಾಮಸ್ ಇದ್ದ, ಅಲ್ಲಿ ಇರಲಿಲ್ಲ. ಥಾಮಸ್ ಒಬ್ಬನೇ ಇದಕ್ಕೆ ಕಾರಣ ಅಂತಲ್ಲ, ಆದ್ರೆ ಒಬ್ಬ ಕಾರ್ನರ್ ಆಟದಲ್ಲಿ ಸುತ್ತ ಇರೋರ ಪಾಲು ಎಷ್ಟಿರತ್ತೆ ಅನ್ನೋದು ಅದರಲ್ಲಿ ಗೊತ್ತಾಗತ್ತೆ.

ನನ್ನ ವಾದಕ್ಕೆ ದೊಡ್ಡ ಸವಾಲು ಅಂದ್ರೆ 2015ರ ಫೆಬ್ರವರಿ 1ರ ಸೂಪರ್ ಬೌಲ್, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಮೇಲೆ. ಸೀಹಾಕ್ಸ್ 24-14 ಮುಂದೆ ಇತ್ತು. ಥಾಮಸ್, ಶರ್ಮನ್, ಚಾನ್ಸ್‌ಲರ್ ಮೂರೂ ಜನ ಮೈದಾನದಲ್ಲಿದ್ರು, ಮೂವರಿಗೂ ಗಾಯ ಇತ್ತು ಆದ್ರೂ ಆಡ್ತಿದ್ರು. ಏವ್ರಿಲ್ ತಲೆಗೆ ಪೆಟ್ಟು ಬಿದ್ದು ಹೊರಗೆ ಹೋದ. ಅಲ್ಲಿಂದ ಟಾಮ್ ಬ್ರೇಡಿಗೆ ಎಸೆಯೋಕೆ ಟೈಮ್ ಸಿಗ್ತಾ ಹೋಯ್ತು, ಕೊನೇ ಕ್ವಾರ್ಟರಲ್ಲಿ 14 ಪಾಯಿಂಟ್, 28-24. ಹಿಂದೆ ಎಷ್ಟೇ ಒಳ್ಳೆಯವರಿದ್ರೂ ಮುಂದೆ ಒತ್ತಡ ಇಲ್ಲದಿದ್ರೆ ನಾಲ್ಕೈದು ಸೆಕೆಂಡ್ ಯಾರೂ ಕಾವಲು ಕಾಯೋಕಾಗಲ್ಲ, ಈ ವಾದ ತುಂಬಾ ಗಟ್ಟಿ, ಲೀಗಲ್ಲಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗೋರಿಗೆ ಅಷ್ಟು ದುಡ್ಡು ಕೊಡೋದೂ ಇದಕ್ಕೇ. ಅದೇ ಮ್ಯಾಚಿನ ಕೊನೇಲಿ ಮಾಲ್ಕಮ್ ಬಟ್ಲರ್ ಗೆರೆ ಹತ್ರ ಹಿಡಿದ ಇಂಟರ್‌ಸೆಪ್ಷನ್ ಎಲ್ಲರಿಗೂ ಗೊತ್ತು, ಅವನಿಗೆ ದಾರಿ ಬಿಡಿಸಿದ್ದು ಮುಂದಿನ ರಿಸೀವರ್ ಜರ್ಮೇನ್ ಕರ್ಸ್‌ನ ಜಾಗ ಬಿಟ್ಟು ಕದಲದಂಗೆ ತಡೆದ ಬ್ರೌನರ್, ಹೌದು, ಸಿಯಾಟಲ್‌ನಲ್ಲಿದ್ದ ಅದೇ ಬ್ರೌನರ್, ಆಗ ಪೇಟ್ರಿಯಟ್ಸ್‌ನಲ್ಲಿದ್ದ. ಅವನ ಹೆಸರು ಆ ಪ್ಲೇ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಮಾರ್ಕೆಟ್ ಕೂಡ ನನ್ನ ಪರ ಇಲ್ಲ. 2014ರಲ್ಲಿ ಸೀಹಾಕ್ಸ್ ಥಾಮಸ್‌ಗೆ ನಾಲ್ಕು ವರ್ಷಕ್ಕೆ 40 ಮಿಲಿಯನ್ ಕೊಟ್ಟು, ಮುಂದಿನ ತಿಂಗಳೇ ಶರ್ಮನ್‌ಗೆ ನಾಲ್ಕು ವರ್ಷಕ್ಕೆ 56 ಮಿಲಿಯನ್ ಕೊಡ್ತು. ಆದ್ರೆ ಸಂಬಳ ನಿಗದಿ ಆಗೋದು ಆ ಜಾಗಕ್ಕೆ ಲೀಗಲ್ಲಿ ಉಳಿದೋರು ಎಷ್ಟು ತಗೋತಾರೆ ಅನ್ನೋದರ ಮೇಲೆ, ಹೆಚ್ಚಿನ ಟೀಮ್‌ಗಳು ಸೇಫ್ಟಿ ಕೈಲಿ ಸಿಯಾಟಲ್ ಮಾಡಿಸಿದ ಕೆಲಸ ಮಾಡಿಸೋದೇ ಇಲ್ಲ, ಮಾಡೋಕೆ ಆಗೋರೂ ಇಲ್ಲ. ಹಾಗಾಗಿ ಸೇಫ್ಟಿಗಳ ರೇಟು ಥಾಮಸ್ ಒಬ್ಬನ ಬೆಲೆ ಹೇಳಲ್ಲ.

2013ರ ಆ ಟೀಮಿಗೆ ನನ್ನ ವೋಟು ಅರ್ಲ್ ಥಾಮಸ್‌ಗೆ. ಎರಡನೇದು ಶರ್ಮನ್, ಮೈದಾನದ ಒಂದು ಭಾಗನೇ ಎದುರಾಳಿಗೆ ಇಲ್ಲದಂಗೆ ಮಾಡೋದು ಎಲ್ಲರ ಕೈಲಾಗೋ ಮಾತಲ್ಲ, ಆದ್ರೆ ಕವರ್ ತ್ರೀಲಿ ಅವನ ಒಳಗಡೆ ಕಾಯೋಕೆ ಒಬ್ಬ ಇದ್ದ, ಥಾಮಸ್ ಹಿಂದೆ ಯಾರೂ ಇರಲಿಲ್ಲ. ಮೂರನೇದು ವ್ಯಾಗ್ನರ್, ಚಾನ್ಸ್‌ಲರ್ ಇಬ್ಬರಲ್ಲಿ ಒಬ್ಬರು, ಇಲ್ಲಿ ನೀವು ಯಾರನ್ನ ಇಟ್ರೂ ನಾನು ವಾದ ಮಾಡಲ್ಲ. ಮುಂದಿನ ಸಾಲಿನೋರನ್ನ ಒಟ್ಟಾಗಿ ಒಂದು ಅಂತ ಲೆಕ್ಕ ಹಿಡಿಯೋಕೆ ಬಿಟ್ರೆ ಅವರೇ ಮೊದಲು, ಒಬ್ಬೊಬ್ಬರಾಗಿ ಅಂದ್ರೆ ಏಳು ಜನಕ್ಕೆ ಹಂಚಿ ಹೋಗತ್ತೆ. ಇನ್ನು ಬೇರೆ ಟೀಮ್, ಬೇರೆ ಪದ್ಧತಿ ತಗೊಂಡ್ರೆ ಉತ್ತರನೂ ಬೇರೆ ಬರತ್ತೆ, ಇಬ್ಬರು ಸೇಫ್ಟಿಗಳನ್ನ ಹಿಂದೆ ಇಟ್ಟು ಆಡೋ ಡಿಫೆನ್ಸಲ್ಲಿ ಥಾಮಸ್‌ನಂಥೋನಿಗೆ ಇಷ್ಟು ಬೆಲೆ ಕಟ್ಟೋಕೆ ನಾನೇ ಒಪ್ಪಲ್ಲ, ಅಲ್ಲಿ ಮುಂದೆ ನುಗ್ಗೋನಿಂದಲೇ ಶುರು ಮಾಡ್ತೀನಿ.